ನಡುವೆ ಯಾರೋ ಕೂತಿದ್ದಾರೆ

ಗುರುಶಾಂತಪ್ಪನವರು ಕಂಪ್ಯೂಟರಿನ ಮೇಲೆ ಚಹಾ ಚೆಲ್ಲಿದ್ದರಿಂದ ಎಲ್ಲವೂ ಶುರುವಾಯಿತು.

ಅದು ಕಂಪನಿ ಕೊಟ್ಟ ಕಂಪ್ಯೂಟರು. ಪವನನಗರದಲ್ಲಿ ಮನೆ ಸಿಕ್ಕವರಿಗೆಲ್ಲ ಕೀಲಿಕೈಯ ಜೊತೆಗೇ ಒಂದು ಕಂಪ್ಯೂಟರು, ಆಳಿಗೊಂದು ಫೋನು ಕೊಡುವುದು ಅಲ್ಲಿನ ಪದ್ಧತಿ. ಗದಗದ ಆಚೆ, ಗಾಳೆಮ್ಮನ ಗುಡ್ಡದ ಬುಡದಲ್ಲಿ, ಗಾಳಿಯಿಂದ ವಿದ್ಯುತ್ತು ತೆಗೆಯುವ ಕಂಪನಿಯೊಂದು ತನ್ನ ನೌಕರರಿಗಾಗಿ ಕಟ್ಟಿಸಿದ ಊರು ಅದು. ಗುಡ್ಡದ ನೆತ್ತಿಯುದ್ದಕ್ಕೂ ಬಿಳಿಯ ಗಾಳಿಯಂತ್ರಗಳು. ಕೆಳಗೆ ಒಂದೇ ಬಣ್ಣದ ಮನೆಗಳು, ಶಾಲೆ, ದವಾಖಾನೆ, ಸಭಾಭವನ. ಹೊರಗಿನ ಯಾವ ಟವರಿನ ಸಿಗ್ನಲ್ಲೂ ಗುಡ್ಡ ದಾಟಿ ಬರುತ್ತಿರಲಿಲ್ಲ. ಊರಿನ ಮಾತು, ಸಂದೇಶ ಎಲ್ಲವೂ ಕಂಪನಿಯ ಒಂದೇ ಕೇಬಲ್ಲಿನಲ್ಲಿ ಹೋಗಿ ಬರಬೇಕಿತ್ತು.

ಗುರುಶಾಂತಪ್ಪನವರು ಅಲ್ಲಿನ ಶಾಲೆಯ ಹೆಡ್‌ಮಾಸ್ತರರು, ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರ ಹೆಂಡತಿ ನೀಲಗಂಗಾ ಗಾಳಿಯಂತ್ರಗಳ ನಿಯಂತ್ರಣ ಕೊಠಡಿಯಲ್ಲಿ ಹಿರಿಯ ಪಾಳಿ ಅಧಿಕಾರಿ. ಚಹಾ ಕುಡಿದ ಕಂಪ್ಯೂಟರು ರಿಪೇರಿಗೆ ಹೋದ ಮೇಲೆ ನೀಲಗಂಗಾ ಅಟ್ಟ ಹತ್ತಿ, ಹಿಂದೆ ಹುಬ್ಬಳ್ಳಿಯಲ್ಲಿ ಕೊಂಡು ಇಟ್ಟಿದ್ದ ತನ್ನ ಹಳೆಯ ಕಂಪ್ಯೂಟರನ್ನು ಇಳಿಸಿಕೊಂಡು ಬಂದಳು. ಧೂಳು ಒರೆಸಿ, ಊರಿನ ಕೇಬಲ್ಲು ಚುಚ್ಚಿ, ಮಿಂಚಂಚೆ ನೋಡಲು ಕೂತಳು. ಪರದೆ ಕೆಂಪಾಯಿತು.

‘ಎಚ್ಚರಿಕೆ. ಈ ತಾಣದ ಪ್ರಮಾಣಪತ್ರವನ್ನು ನಂಬಲಾಗುತ್ತಿಲ್ಲ. ನಿಮಗೂ ತಾಣಕ್ಕೂ ನಡುವೆ ಬೇರೆ ಯಾರೋ ಇರಬಹುದು.’

ಮೊದಲು ಅವಳಿಗೆ ಹೊಳೆದದ್ದು ಗಡಿಯಾರ. ಪ್ರಮಾಣಪತ್ರಕ್ಕೆ ಇಂತಿಷ್ಟು ಕಾಲ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಒಳ್ಳೆಯ ಪತ್ರವೂ ಸುಳ್ಳಾಗಿ ಕಾಣುತ್ತದೆ. ನೋಡಿದರೆ ಹೌದು, ಅಟ್ಟದ ಮೇಲೆ ಕೂತಿದ್ದ ಯಂತ್ರ ಹಳೆಯ ಯಾವುದೋ ವರ್ಷದಲ್ಲೇ ನಿಂತುಬಿಟ್ಟಿತ್ತು. ತಾರೀಖು ಸರಿಮಾಡಿದಳು. ಮತ್ತೆ ಕೆಂಪು. ಬ್ಯಾಂಕಿನ ತಾಣ ತೆರೆದಳು, ಕೆಂಪು. ಪತ್ರಿಕೆ ತೆರೆದಳು, ಅದೂ ಕೆಂಪು.

“ಕೆಳಗ ಸಣ್ಣ ಅಕ್ಷರದಾಗ ‘ಆದರೂ ಮುಂದುವರಿಯಿರಿ’ ಅಂತ ಐತಲ್ಲ, ಅದನ್ನ ಒತ್ತು,” ಎಂದರು ಹಿಂದೆ ನಿಂತಿದ್ದ ಗುರುಶಾಂತಪ್ಪ.

“ತಡೀರಿ. ಈ ಪತ್ರಕ್ಕ ಸಹಿ ಹಾಕಿದವ್ರು ಯಾರು ನೋಡೂಣು.”

ಪ್ರಮಾಣಪತ್ರವನ್ನು ಬಿಡಿಸಿ ನೋಡಿದಳು. ಮಿಂಚಂಚೆಯ ತಾಣದ ಪತ್ರಕ್ಕೆ ಸಹಿ ಮಾಡಿದ್ದು ‘ಸೌಹಾರ್ದ ಸೇವೆ, ಪವನನಗರ’. ಬ್ಯಾಂಕಿನದಕ್ಕೂ ಅದೇ, ಪತ್ರಿಕೆಯದಕ್ಕೂ ಅದೇ.

ಅರಗಿನ ಮುದ್ರೆ ಒತ್ತಿದ ಲಕೋಟೆಯನ್ನು ದಾರಿಯಲ್ಲಿ ಯಾರೋ ಒಡೆದು, ಓದಿ, ಮತ್ತೆ ಮುಚ್ಚಿ, ತಮ್ಮದೇ ಮುದ್ರೆ ಒತ್ತಿ ಕಳಿಸಿದರೆ ಹೇಗೋ ಹಾಗಿತ್ತು ಇದು. ಕಂಪನಿ ಕೊಟ್ಟ ಕಂಪ್ಯೂಟರುಗಳಿಗೂ ಫೋನುಗಳಿಗೂ ಆ ಮುದ್ರೆಯನ್ನು ನಂಬುವಂತೆ ಮೊದಲೇ ಕಲಿಸಿಕೊಡಲಾಗಿತ್ತು. ಅದಕ್ಕೆ ಬೇಕಾದ ಮೂಲಪತ್ರ ಅವುಗಳ ಹೊಟ್ಟೆಯಲ್ಲೇ ಇತ್ತು. ಅಟ್ಟದಿಂದ ಇಳಿದ ಈ ಮುದುಕ ಯಂತ್ರಕ್ಕೆ ಯಾರೂ ಏನೂ ಕಲಿಸಿರಲಿಲ್ಲ. ಅದಕ್ಕೇ ಅದು ಕೂಗುತ್ತಿತ್ತು.

ಸೌಹಾರ್ದದ ಹೆಸರು ಊರಿನವರಿಗೆ ಹೊಸದಲ್ಲ. ಬೇಡದ ಜಾಹೀರಾತು, ಹೊಲಸು ಬೈಗುಳ ತಡೆಯುವ ಸೇವೆ ಎಂದು ಅವರಿಗೆಲ್ಲ ಗೊತ್ತಿತ್ತು. ಅದು ಬಂದಾಗಿನಿಂದ ಪವನನಗರಕ್ಕೆ ‘ಜಗಳವಿಲ್ಲದ ಊರು’ ಎಂಬ ಹೆಸರು ಬಂದಿತ್ತು. ಪೊಲೀಸ್ ಚೌಕಿಗೆ ಬೀಗ ಬಿದ್ದಿತ್ತು. ಬೇರೆ ಊರುಗಳ ಅಧಿಕಾರಿಗಳು ನೋಡಿಕೊಂಡು ಹೋಗಲು ಬರುತ್ತಿದ್ದರು. ಅವರ ಕೊರಳಿಗೆ ಹಾರ ಹಾಕುವವರು ಗುರುಶಾಂತಪ್ಪನವರೇ.

ನೀಲಗಂಗಾ ಸಹಾಯವಾಣಿಗೆ ಫೋನು ಮಾಡಿದಳು. ಹುಡುಗಿಯೊಬ್ಬಳು ಜೇನಿನಂಥ ದನಿಯಲ್ಲಿ ಹೇಳಿದಳು: “ಹಳೇ ಕಂಪ್ಯೂಟರಿಗೆ ಹಾಗಾಗುತ್ತೆ ಮೇಡಂ. ನಮ್ಮ ಮೂಲಪತ್ರ ಹಾಕ್ಕೊಂಡುಬಿಡಿ, ಎಚ್ಚರಿಕೆ ಹೋಗುತ್ತೆ.”

“ಎಚ್ಚರಿಕೆ ಹೋಗ್ತೈತಿ ಖರೆ. ನಡುವ ಕುಂತವ್ರು ಹೋಗ್ತಾರೇನು?”

“ಅರ್ಥವಾಗಲಿಲ್ಲ ಮೇಡಂ,” ಎಂದಿತು ಜೇನು ದನಿ.

ನೀಲಗಂಗಾ ಮೂಲಪತ್ರ ಹಾಕಿಕೊಳ್ಳಲಿಲ್ಲ. ಕೆಂಪು ಪರದೆಯನ್ನು ಹಾಗೇ ತೆರೆದಿಟ್ಟು ಪಾಳಿಗೆ ಹೋದಳು.

*

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಗುಡ್ಡದ ನಕಾಶೆ. ಒಂದೊಂದು ಗಾಳಿಯಂತ್ರಕ್ಕೆ ಒಂದೊಂದು ಹಸಿರು ದೀಪ. ಅವಳ ಮೇಜಿನ ಪರದೆಯಲ್ಲಿ ಗುಡ್ಡದ ಮೇಲಿನ ದುರಸ್ತಿ ತಂಡದ ಮುಖ್ಯಸ್ಥ ಇಮಾಮಸಾಬ ನದಾಫನ ಸಂದೇಶ ಬಂದು ಕೂತಿತ್ತು: ‘ಹನ್ನೊಂದನೆಯ ಯಂತ್ರದ ಬ್ರೇಕಿನ ಬಗ್ಗೆ ಅನುಕೂಲವಾದಾಗ ಗಮನ ಹರಿಸಿದರೆ ಒಳಿತು. ತಮ್ಮ ಸಹಕಾರಕ್ಕೆ ವಂದನೆ.’

ಇಂಥ ಸಂದೇಶಗಳು ಕೆಲವು ವಾರಗಳಿಂದ ಬರುತ್ತಿದ್ದವು. ಬಂದಾಗಲೆಲ್ಲ ಅವಳು ಉತ್ತರ ಬರೆದು, ಬ್ರೇಕಿನ ಸಾಮಾನಿಗೆ ಹೇಳಿಕಳಿಸಿ, ಮುಂದಿನ ಕೆಲಸಕ್ಕೆ ತೊಡಗಿದ್ದಳು. ಇವತ್ತು ಮಾತ್ರ ಆ ಸಾಲುಗಳನ್ನು ಎರಡನೆಯ ಸಲ ಓದಿದಳು. ಇಮಾಮಸಾಬನನ್ನು ಅವಳು ಬಲ್ಲಳು. ನಟ್ಟು ಸಡಿಲಾದರೆ ನಟ್ಟು ಮಾಡಿದವನ ವಂಶವನ್ನೇ ಜಾಲಾಡುವ ಮನುಷ್ಯ. ‘ಅನುಕೂಲವಾದಾಗ’ ಎಂಬ ಮಾತು ಅವನ ಬಾಯಲ್ಲಿ ಯಾವತ್ತು ಬಂದಿತ್ತು?

ಕೊಠಡಿಯನ್ನು ಕಿರಿಯ ಅಧಿಕಾರಿ ಸುಧೀಂದ್ರನಿಗೆ ಒಪ್ಪಿಸಿ ಜೀಪು ತೆಗೆದುಕೊಂಡು ಗುಡ್ಡ ಹತ್ತಿದಳು. ಹನ್ನೊಂದನೆಯ ಯಂತ್ರದ ಬುಡದಲ್ಲಿ ಇಮಾಮಸಾಬ ತಲೆಯೆತ್ತಿ ನಿಂತಿದ್ದ. ಇವಳನ್ನು ನೋಡಿ ಮುಖ ತಿರುಗಿಸಿದ.

“ಇಮಾಮಣ್ಣ, ಏನಾಗೇತಿ ಬ್ರೇಕಿಗೆ?”

“ಈಗ ಕೇಳಾಕತ್ತೀರೇನ್ರಿ ಅಕ್ಕಾರ? ಎಷ್ಟ ಸಲ ಬರೀಲಿ ನಾ? ಬರದು ಬರದು ಬೆರಳು ಸವದ್ವು. ನಿಮ್ಮ ಕಡಿಂದ ಬರೂದು ಒಂದ ಉತ್ರ, ‘ನಿಮ್ಮ ಕಾಳಜಿ ಮೆಚ್ಚುವಂಥದ್ದು’ ಅಂತ. ಮೆಚ್ಚಿ ನಾ ಏನ್ ಮಾಡ್ಲಿ?”

“ನಾ ಹಂಗ ಬರದಿಲ್ಲ. ನೀವು ಕಳಿಸಿದ್ದು ತೋರಸ್ರಿ.”

ಅವನು ಫೋನು ತೆಗೆದು ತಾನು ಕಳಿಸಿದ್ದನ್ನು ಅವಳ ಮುಖಕ್ಕೆ ಹಿಡಿದ. ‘ಹನ್ನೊಂದರ ಬ್ರೇಕ್ ಪೂರಾ ಹೋಗೇತಿ. ಇವತ್ತ ಬಂದ್ ಮಾಡ್ರಿ, ಇಲ್ಲಾಂದ್ರ ಯಾರರ ಸಾಯ್ತಾರ. ನಿಮಗ ಕಣ್ಣಿಲ್ಲೇನು?’

ನೀಲಗಂಗಾ ತನ್ನ ಫೋನನ್ನು ಅದರ ಪಕ್ಕ ಹಿಡಿದಳು. ಅನುಕೂಲವಾದಾಗ ಗಮನ ಹರಿಸಿದರೆ ಒಳಿತು. ಇಬ್ಬರೂ ಎರಡು ಪರದೆಗಳನ್ನು ಹಲವು ಸಲ ಓದಿದರು. ಆಮೇಲೆ ಅವಳು ತಾನು ಕಳಿಸಿದ್ದನ್ನು ಹುಡುಕಿ ತೋರಿಸಿದಳು: ‘ಬ್ರೇಕ್ ಸರಿಯಾಗೂತನಕ ಹನ್ನೊಂದನ್ನ ಯಾರೂ ಹತ್ತಕೂಡದು. ಹತ್ತಿದ್ರ ನಾ ಸುಮ್ನಿರೂದಿಲ್ಲ.’ ಇಮಾಮಸಾಬನಿಗೆ ಅದು ತಲುಪಿದ್ದು ಹೀಗೆ: ‘ಹನ್ನೊಂದನ್ನು ಹತ್ತುವಾಗ ಎಚ್ಚರಿಕೆ ಇರಲಿ. ನಿಮ್ಮ ಕಾಳಜಿ ಮೆಚ್ಚುವಂಥದ್ದು.’

ಇಮಾಮಸಾಬ ಮೇಲೆ ನೋಡಿದ. “ನಮ್ಮ ತಂಡದ ಫಕ್ಕೀರೇಶ ಬ್ರೇಕ್ ನೋಡಾಕ ಮ್ಯಾಲ ಹತ್ಯಾನ್ರಿ,” ಎಂದ.

ಗಾಳಿ ಏರುತ್ತಿತ್ತು. ಕೆಳಗಿನ ಕೂಗು ಅಷ್ಟು ಎತ್ತರಕ್ಕೆ ಮುಟ್ಟುವಂತಿರಲಿಲ್ಲ. ಬ್ರೇಕು ಹಿಡಿಯದ ಯಂತ್ರದ ರೆಕ್ಕೆಗಳು ತಾವಾಗಿಯೇ ತಿರುಗಲು ಶುರುವಾದರೆ ಒಳಗೆ ಕೈಯಿಟ್ಟವನ ಗತಿ ಮುಗಿಯಿತು. ಉಪಾಯ ಒಂದೇ: ನಿಯಂತ್ರಣ ಕೊಠಡಿಯಿಂದ ಯಂತ್ರದ ಮುಖವನ್ನು ಗಾಳಿಯ ಹಾದಿಯಿಂದ ಆಚೆ ತಿರುಗಿಸಬೇಕು. ನೀಲಗಂಗಾ ಫೋನಿನಲ್ಲಿ ಕಿರುಚಿದಳು: “ಸುಧೀಂದ್ರ! ಹನ್ನೊಂದನ್ನ ಗಾಳಿಯಿಂದ ಹೊರಳಿಸು! ಈಗಿಂದೀಗ! ಮ್ಯಾಲ ಮನುಷ್ಯಾ ಅದಾನ!”

“ಆಗ್ಲಿ ಮೇಡಂ,” ಎಂದ ಸುಧೀಂದ್ರ ನಿಧಾನವಾಗಿ. “ಕೈಯಾಗ ಒಂದ್ ಕೆಲಸ ಐತಿ, ಮುಗಿಸಿ ನೋಡ್ತೀನ್ರಿ.”

ಅವಳ ಕಿರುಚಾಟ ಅವನ ಕಿವಿಗೆ ಹೇಗೆ ಮುಟ್ಟಿತ್ತೋ! ಕರೆ ಕತ್ತರಿಸಿ ಜೀಪಿಗೆ ಓಡಿದಳು. ಗುಡ್ಡದ ತಿರುವುಗಳಲ್ಲಿ ಜೀಪು ಹೇಗೆ ಇಳಿಯಿತೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ಬಾಗಿಲು ನೂಕಿ ಒಳಗೆ ಬಂದವಳೇ ಸುಧೀಂದ್ರನನ್ನು ಪಕ್ಕಕ್ಕೆ ತಳ್ಳಿ ಆಜ್ಞೆ ಒತ್ತಿದಳು. ಗೋಡೆಯ ಮೇಲೆ ಹನ್ನೊಂದರ ದೀಪ ಹಳದಿಯಾಯಿತು, ಆಮೇಲೆ ಆರಿತು.

ಫಕ್ಕೀರೇಶನ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

*

ಸುಧೀಂದ್ರ ಅಳುತ್ತ ಹೇಳಿದ: “ಮೇಡಂ, ನೀವು ಶಾಂತ ಮಾತಾಡಿದ್ರಿ. ಖರೇ ಹೇಳ್ತೀನಿ, ‘ಬಿಡುವಾದಾಗ ಹೊರಳಿಸು’ ಅಂತ ಕೇಳಿಸ್ತು.”

ನೀಲಗಂಗಾಳ ತಲೆಯಲ್ಲಿ ಬೇರೆಯೇ ಒಂದು ಭಯ ಎದ್ದು ಕೂತಿತ್ತು. ಇಳಕಲ್ಲಿನಲ್ಲಿ ಅವಳ ತಂಗಿ ಶಶಿರೇಖಾ ಇದ್ದಳು. ನೀಲಗಂಗಾಳಿಗೆ ಅವಳೊಬ್ಬಳೇ ಒಡಹುಟ್ಟಿದವಳು. ವರ್ಷದಿಂದ ತಂಗಿಯ ಸಂದೇಶಗಳು ಸೊಗಸಾಗಿ, ತಣ್ಣಗೆ ಬರುತ್ತಿದ್ದವು. ‘ಆರೋಗ್ಯ ತಪಾಸಣೆ ನಡೆದಿದೆ, ಚಿಂತೆ ಬೇಡ. ಬಿಡುವಾದಾಗ ಬಾ.’ ಹಬ್ಬಕ್ಕೆ ಫೋನು ಮಾಡಿದಾಗಲೂ ದನಿ ಸಮಾಧಾನವಾಗಿತ್ತು. ಬಿಡುವಾಗಿರಲಿಲ್ಲ. ನೀಲಗಂಗಾ ಹೋಗಿರಲಿಲ್ಲ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದಳು.

ಬಾಗಿಲು ತೆರೆದ ಶಶಿರೇಖಾಳನ್ನು ಕಂಡು ಅವಳಿಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ತಲೆಯ ಮೇಲೆ ಬೆರಳುದ್ದವೂ ಇಲ್ಲದ ಹೊಸ ಕೂದಲು. ಇಳಕಲ್ ಸೀರೆಯ ಸೆರಗು ಎದೆಯ ಒಂದು ಬದಿಗೆ ಸಪಾಟಾಗಿ ಬಿದ್ದಿತ್ತು.

“ಬಂದೇನವ್ವಾ ಮಹಾರಾಣಿ?” ಎಂದಳು ಶಶಿರೇಖಾ. “ನಾ ಸತ್ತಿಲ್ಲ. ನೋಡಾಕ ಬಂದಿದ್ರ ನೋಡಿಕೊಂಡು ಹೋಗು.”

“ಶಶೀ...”

“ಶಶಿ ಅನಬ್ಯಾಡ. ಆಪರೇಷನ್ ಮುಂದ ಎಷ್ಟ ಕರದೆ ನಿನ್ನ! ನಿನಗ ಬ್ಯಾಡಾದ ಮ್ಯಾಲ ಯಾರೂ ಹೇಳಬ್ಯಾಡ್ರಿ ಅಂತ ಬೀಗರ ಮಂದೀಗೂ ಆಣಿ ಹಾಕಿದೆ.”

ನೀಲಗಂಗಾ ಹೊಸ್ತಿಲ ಮೇಲೆಯೇ ಕೂತಳು. “ನೀ ಕಳಿಸಿದ್ದು ತೋರಸು,” ಎಂದಳು.

ಶಶಿರೇಖಾ ಫೋನನ್ನು ಅವಳ ಮಡಿಲಿಗೆ ಎಸೆದಳು. ‘ಅಕ್ಕಾ, ಗಂಟು ಕೆಟ್ಟದ್ದು ಅಂದ್ರು. ನನಗ ಹೆದರಿಕಿ ಆಗೇತಿ. ಇವತ್ತ ಬಾ.’ ಅದರ ಕೆಳಗೆ: ‘ನಾಳೆ ಕೊಯ್ತಾರ. ನೀ ಬರೂತನಕ ನಾ ಒಳಗ ಹೋಗೂದಿಲ್ಲ.’ ಅದರ ಕೆಳಗೆ: ‘ನೀ ಅಕ್ಕ ಅಲ್ಲ. ಕಲ್ಲು.’

ತಲುಪಿದ್ದು: ಆರೋಗ್ಯ ತಪಾಸಣೆ ನಡೆದಿದೆ. ಬಿಡುವಾದಾಗ ಬಾ. ನಿನ್ನ ನೆನಪಾಗುತ್ತದೆ.

ನೀಲಗಂಗಾ ತನ್ನ ಫೋನು ತೆಗೆದಳು. ‘ಏನ್ ತಪಾಸಣಿ? ಮುಚ್ಚಬ್ಯಾಡ, ಖರೇ ಹೇಳು. ನನ್ನ ಜೀವ ಹಾರಾಕತ್ತೇತಿ. ಹೂಂ ಅಂದ್ರ ಈಗಿಂದೀಗ ಬಸ್ಸು ಹತ್ತತೀನಿ’ ಎಂದು ಅವಳು ಬರೆದದ್ದು ಶಶಿರೇಖಾಳ ಫೋನಿನಲ್ಲಿ ‘ನಿನಗೆ ಒಳ್ಳೆಯದಾಗಲಿ’ ಎಂದು ಕೂತಿತ್ತು. ಆ ಯಂತ್ರಕ್ಕೆ ಸಿಟ್ಟೂ ಒಂದೇ, ಜೀವ ಹಾರುವುದೂ ಒಂದೇ. ಎರಡರಲ್ಲೂ ಕಾವಿತ್ತು. ಅದು ಕಾವನ್ನು ತೆಗೆಯುತ್ತಿತ್ತು.

ಶಶಿರೇಖಾ ಅಕ್ಕನ ಪಕ್ಕ ಕೂತು ಭುಜಕ್ಕೊಂದು ಗುದ್ದಿದಳು, ಜೋರಾಗಿಯೇ.

“ಯಂತ್ರಾ ಬದಲಿ ಮಾಡಿತಂತ. ಮಾಡ್ಲಿ. ‘ಬಿಡುವಾದಾಗ ಬಾ’ ಅಂತ ನಾ ಬರೀತೀನೇನ? ನನ್ನ ಬಾಯಿ ನಿನಗ ಗೊತ್ತಿಲ್ಲೇನ? ಒಮ್ಮೆರ ಸಂಶೇ ಬರಲಿಲ್ಲೇನು ನಿನಗ?”

ನಯವಾದ ಮಾತು ಕೇಳಿ ಕೇಳಿ ತನಗೂ ಅದು ಹಿತವಾಗಿಬಿಟ್ಟಿತ್ತು ಎಂದು ನೀಲಗಂಗಾ ಹೇಗೆ ಹೇಳಿಯಾಳು? “ಬೈ,” ಎಂದಳು. “ಎಷ್ಟ ಬೈತೀಯೋ ಬೈ. ನಿಲ್ಲಿಸಬ್ಯಾಡ.”

ಶಶಿರೇಖಾ ನಿಲ್ಲಿಸಲಿಲ್ಲ.

*

ಊರಿನ ಸಂಪರ್ಕ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಶ್ರೀವತ್ಸ ಮೈಸೂರಿನ ಕಡೆಯವರು. ಸೌಹಾರ್ದ ಅವರದೇ ಕೂಸು. ನೀಲಗಂಗಾ ಹೋದಾಗ ಅವರು ಕುರ್ಚಿಯಿಂದೆದ್ದು ಬರಮಾಡಿಕೊಂಡು, ಗಾಜಿನ ಆಚೆ ತಣ್ಣನೆಯ ಕೋಣೆಯಲ್ಲಿದ್ದ ಬೀರುವಿನಂಥ ಕಪ್ಪು ಪೆಟ್ಟಿಗೆಯನ್ನು ತೋರಿಸಿದರು.

“ಇದೇ ನೋಡಿ. ಊರಿನ ಪ್ರತಿ ಮಾತನ್ನೂ ಬಿಚ್ಚಿ, ಅದರಲ್ಲಿರೋ ಉದ್ವೇಗವನ್ನ ಅಳೆದು, ಹದಕ್ಕೆ ತಂದು, ಮತ್ತೆ ಮುದ್ರೆ ಹಾಕಿ ಕಳಿಸುತ್ತೆ. ದನಿಯನ್ನೂ ಅಷ್ಟೆ. ಮೂಲವನ್ನ ಇಟ್ಟುಕೊಳ್ಳೋದಿಲ್ಲ, ಆಗಲೇ ಅಳಿಸಿಬಿಡುತ್ತೆ. ಯಾರ ಗುಟ್ಟೂ ಇಲ್ಲಿಲ್ಲ.”

“ಇದರಿಂದ ಒಬ್ಬನ ಬೆರಳು ಹೋದ್ವು ಸರ್.”

“ನನಗೂ ತುಂಬ ದುಃಖವಾಗಿದೆ. ಕೆಲಸದ ಸಂದೇಶಗಳಿಗೆ ಬೇರೆ ಹದ ಹಾಕಬೇಕು, ಹಾಕ್ತೀವಿ. ಆದರೆ ಇನ್ನೊಂದು ಕಡೇನೂ ನೋಡಿ ಮೇಡಂ. ನಾನು ಬೆಳೆದ ಮನೇಲಿ ಊಟಕ್ಕೆ ಕೂತರೆ ತಟ್ಟೆ ಹಾರ್ತಿತ್ತು. ಮಾತು ಕೈಗೆ ಬರೋದು ಹೇಗೆ ಅಂತ ನಾನು ಕಣ್ಣಾರೆ ನೋಡಿದವನು. ಈ ಊರಲ್ಲಿ ಹೆಂಡತೀನ ಹೊಡೆದ ದೂರು ಒಂದೂ ಬಂದಿಲ್ಲ, ಗೊತ್ತಾ?”

“ಹೊಡೆದಿಲ್ಲೋ, ಇಲ್ಲಾ ದೂರು ನಿಮ್ಮ ಪೆಟಿಗ್ಯಾಗ ಹದಾ ಆಗಿ ಬಂದೇತೋ?”

ಶ್ರೀವತ್ಸ ಬೇರೆ ದಾರಿ ಹಿಡಿದರು. “ನೀವು ಮನೆ ತಗೊಳ್ಳುವಾಗ ಒಪ್ಪಿ ಸಹಿ ಮಾಡಿದ್ದೀರಿ. ಆದರೂ ನಿಮ್ಮ ನೋವು ನನಗೆ ಅರ್ಥವಾಗುತ್ತೆ. ನಿಮ್ಮ ಮನೆಯೊಂದಕ್ಕೆ ವಿನಾಯಿತಿ ಕೊಡ್ತೀನಿ. ನಿಮ್ಮ ತಂಗಿ ಬರೆದದ್ದು ಬರೆದ ಹಾಗೇ ಬರುತ್ತೆ. ಈ ವಿಷಯ ಇಲ್ಲಿಗೆ ಬಿಟ್ಟುಬಿಡಿ.”

ಒಂದು ಕ್ಷಣ, ಒಂದೇ ಕ್ಷಣ, ನೀಲಗಂಗಾಳಿಗೆ ಹೂಂ ಎನ್ನಿಸಿತು. ಮರುಕ್ಷಣವೇ ಆಸ್ಪತ್ರೆಯ ಹಾಸಿಗೆಯಲ್ಲಿ ಬಟ್ಟೆ ಸುತ್ತಿದ ಕೈಯನ್ನು ನೋಡುತ್ತ ಮಲಗಿದ್ದ ಫಕ್ಕೀರೇಶ ಕಣ್ಣ ಮುಂದೆ ಬಂದ.

“ಬ್ಯಾಡ್ರಿ,” ಎಂದಳು. “ನನಗೊಬ್ಬಾಕಿಗೆ ಬ್ಯಾಡ.”

“ಹಾಗಾದರೆ ಒಂದನೇ ತಾರೀಖಿನಿಂದ ಮೂಲಪತ್ರ ಇಲ್ಲದ ಕಂಪ್ಯೂಟರಿಗೆ ಊರಿನ ಸಂಪರ್ಕ ಸಿಗೋದಿಲ್ಲ.”

“ಸಿಗದಿದ್ರ ಬಿಡ್ರಿ. ನಂದು ಕೆಂಪಗ ಇದ್ರೂ ಖರೇ ಹೇಳ್ತೈತಿ.”

ಮನೆಯಲ್ಲಿ ಗುರುಶಾಂತಪ್ಪನವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು.

“ಸಭಾ ಕರೀಬೇಕಂತ ಮಂದಿಗೆ ಹೇಳಿದೆಂತಲ್ಲ ನೀ? ಕಾರ್ಯದರ್ಶಿ ನಾನೋ ನೀನೋ? ಊರು ತಣ್ಣಗ ಐತಿ ನೀಲಾ. ಯಾಕ ಬೆಂಕಿ ಹಚ್ಚತಿ? ನಾವಿಬ್ರರ ಜಗಳಾಡಿ ಎಷ್ಟ ದಿನಾ ಆತು ಹೇಳು?”

“ಹೌದಲ್ಲ! ನೀವು ಸಾಲಿಯಿಂದ ಕಳಿಸೂ ಮೆಸೇಜು ಓದಿ ಎಷ್ಟ ಚೊಲೋ ಗಂಡ ಅಂತಿದ್ದೆ. ಮನಿಗೆ ಬಂದ ಮ್ಯಾಲ ಮಾರಿ ಯಾಕ ಊದಿರ್ತೈತಿ ಅಂತ ತಿಳೀತಿರಲಿಲ್ಲ. ಏನ್ ಬರೀತಿದ್ರಿ? ತೋರಸ್ರಿ.”

“ಬ್ಯಾಡ.”

“ತೋರಸ್ರಿ ಅಂದೆ.”

ಅವರು ತೋರಿಸಿದರು. ‘ನಿನಗ ಗಾಳಿಯಂತ್ರದ ಮ್ಯಾಲಿನ ಖಬರು ಗಂಡನ ಮ್ಯಾಲ ಇಲ್ಲ.’ ‘ಇವತ್ತೂ ನಾ ಒಬ್ಬಾಂವನ ಉಣ್ಣಬೇಕೇನು? ಇದೂ ಒಂದು ಸಂಸಾರೇನು?’ ಓದುತ್ತ ಹೋದಂತೆ ನೀಲಗಂಗಾಳ ಸಿಟ್ಟು ನೆತ್ತಿಗೇರಿತು; ಅವಳೂ ತಿರುಗಿ ಅಂದಳು; ಅವರೂ ಅಂದರು. ಒಲೆಯ ಮೇಲಿನ ಸಾರು ಉಕ್ಕಿ ಆರಿಹೋಯಿತು. ಪಕ್ಕದ ಮನೆಯವರು ಕಿಟಕಿ ತೆರೆದು ಬೆರಗಿನಿಂದ ಕೇಳಿಸಿಕೊಂಡರು. ಇಬ್ಬರ ಉಸಿರೂ ಮುಗಿದ ಮೇಲೆ ಗುರುಶಾಂತಪ್ಪ ನೆಲದ ಮೇಲೆ ಕೂತರು.

“ನಾ ಅಷ್ಟ ಬರದ್ರೂ ನೀ ‘ಆಯಿತು, ಊಟ ಮಾಡಿ’ ಅಂತ ಉತ್ರ ಕೊಡ್ತಿದ್ದಿ,” ಎಂದರು. “ಈಕಿಗೆ ನನ್ನ ಮಾತು ನಾಟೂದ ಇಲ್ಲ ಅಂತ ತಿಳದ ಬರಿಯೂದ ಬಿಟ್ಟೆ.”

ನೀಲಗಂಗಾ ಅವರ ಎದುರಿಗೆ ಕೂತಳು. ಮತ್ತೆ ಸಾರು ಮಾಡುವ ತ್ರಾಣ ಇಬ್ಬರಿಗೂ ಇರಲಿಲ್ಲ. ರೊಟ್ಟಿ, ಚಟ್ನಿಪುಡಿ ತಿಂದರು.

*

ಸಭೆ ರವಿವಾರ ಬೆಳಿಗ್ಗೆ ಸೇರಿತು. ನೋಟೀಸು ಹೊರಡಿಸಿದವರು ಗುರುಶಾಂತಪ್ಪನವರೇ, ಆದರೆ ಅದರಲ್ಲಿ ‘ಸೌಹಾರ್ದದ ಬಗ್ಗೆ ಮುಕ್ತ ಚರ್ಚೆ’ ಎಂದಷ್ಟೇ ಬರೆದಿದ್ದರು. ಭವನ ತುಂಬಿ ಹೊರಗಿನ ಕಟ್ಟೆಯ ಮೇಲೂ ಜನ ನಿಂತಿದ್ದರು. ಶ್ರೀವತ್ಸ ವೇದಿಕೆಯ ಮೇಲೆ ಕೂತಿದ್ದರು.

ನೀಲಗಂಗಾ ಭಾಷಣ ಮಾಡಲಿಲ್ಲ. “ನಿಮ್ಮ ಬಾಜೂಕ ಕುಂತವ್ರು ನಿಮಗ ಕಳಿಸಿದ್ದನ್ನ ತೆಗೀರಿ,” ಎಂದಳು. “ಅವ್ರು ತಮ್ಮ ಫೋನಿನಾಗ ತಾವು ಬರದದ್ದನ್ನ ತೆಗೀಲಿ. ಎರಡೂ ಕೂಡಿಸಿ ಓದ್ರಿ. ಅಷ್ಟ ಸಾಕು.”

ಮೊದಲು ಪಿಸುಮಾತು. ಆಮೇಲೆ ಒಂದು ಮೂಲೆಯಲ್ಲಿ ಯಾರೋ ನಕ್ಕರು. ಇನ್ನೊಂದು ಮೂಲೆಯಲ್ಲಿ ಹೆಂಗಸೊಬ್ಬಳು “ನನಗ ಹಿಂಗ ಬರದಿದ್ದೇನ ನೀ?” ಎಂದು ಎದ್ದು ನಿಂತಳು. ದವಾಖಾನೆಯ ನರ್ಸು ಅಲ್ಲಿನ ಡಾಕ್ಟರರ ಕಡೆ ತಿರುಗಿದಳು. ಅಣ್ಣತಮ್ಮಂದಿರಿಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿದರು. ನಾಲ್ಕು ಜನ ಬಿಡಿಸಿದರು. ನೋಡನೋಡುತ್ತ ಭವನವೇ ಸಂತೆಯಾಯಿತು. ಬೈಗುಳ, ಅಳು, ನಗು, ಆಣೆ, ಕ್ಷಮೆ ಎಲ್ಲ ಒಟ್ಟಿಗೇ ಎದ್ದವು.

ಶ್ರೀವತ್ಸ ಮೈಕು ಹಿಡಿದರು. “ನೋಡಿ! ಇದನ್ನೇ ನಾನು ತಡೆದಿದ್ದು. ನಿಮಗೆ ಇದು ಬೇಕಾ?”

“ಬೇಕು!” ಎಂದಳು ನೀಲಗಂಗಾ. ಮೈಕಿಲ್ಲದೆಯೂ ಅವಳ ದನಿ ಹಿಂದಿನ ಗೋಡೆ ಮುಟ್ಟಿತು. “ನಮ್ಮ ಜಗಳಾ ನಮಗ ಬೇಕು. ಅದನ್ನ ಕೊಡಾಕ, ಕಸಗೊಳ್ಳಾಕ ನೀವ್ಯಾರು?”

ಆಗ ವೇದಿಕೆಯ ಬದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ಅವಳು ರೋಹಿಣಿ ಮರಡಿ, ಶ್ರೀವತ್ಸರ ಕೈಕೆಳಗಿನ ಎಂಜಿನಿಯರು, ಪೆಟ್ಟಿಗೆಯ ಉಸ್ತುವಾರಿ ನೋಡುವವಳು. ಕೈಯಲ್ಲಿ ಫೋನು ಹಿಡಿದಿದ್ದಳು.

“ಸರ್, ನಾನೂ ನಿಮಗ ಬರದಿದ್ದೆ,” ಎಂದಳು. “ಬೇಸಿಗಿಯೊಳಗ. ಓದ್ಲೇನ್ರಿ? ‘ಸರ್, ಗುಡ್ಡದ ಮ್ಯಾಲಿನ ಅಪಾಯದ ಸಂದೇಶಾನೂ ನಮ್ಮ ಪೆಟಿಗಿ ತಣ್ಣಗ ಮಾಡಾಕತ್ತೇತಿ. ಇದು ಕೊಲಿಗೆ ಸಮಾ. ಇವತ್ತ ನಿಲ್ಲಿಸಬೇಕು. ನಿಲ್ಲಿಸದಿದ್ರ ನಾ ಕೆಲಸಾ ಬಿಡ್ತೀನಿ.’ ನಿಮಗ ಏನಂತ ಮುಟ್ಟೇತಿ, ನೋಡ್ರಿ.”

ಭವನದ ಗದ್ದಲ ತಾನಾಗಿಯೇ ಇಳಿಯಿತು. ಶ್ರೀವತ್ಸ ಫೋನು ತೆಗೆದು ಬಹಳ ಹೊತ್ತು ಹುಡುಕಿದರು. ಸಿಕ್ಕಾಗ ಎಲ್ಲರಿಗೂ ಕೇಳುವಂತೆ ಓದಿದರು: “‘ಸರ್, ಗುಡ್ಡದ ಸಂದೇಶಗಳ ಬಗ್ಗೆ ಒಂದು ಸಣ್ಣ ಸಲಹೆ ಇದೆ. ತಮಗೆ ಸಮಯವಿದ್ದಾಗ ಚರ್ಚಿಸೋಣ.’”

“ನಿಮಗ ಸಮಯ ಇರಲಿಲ್ಲ,” ಎಂದಳು ರೋಹಿಣಿ. “ನಿಮಗ ಎದುರಿಗೆ ಹೇಳೂ ಧೈರ್ಯಾ ನನಗೂ ಇರಲಿಲ್ಲ. ಬರದೀನಲ್ಲ ಅಂತ ಕುಂತೆ.”

ಶ್ರೀವತ್ಸ ಮೈಕನ್ನು ಮೇಜಿನ ಮೇಲಿಟ್ಟರು. ಅವರ ಮುಖ ಒಮ್ಮೆಲೇ ಮುದಿಯಾದಂತೆ ಕಂಡಿತು. “ಪೆಟ್ಟಿಗೆ ನಿಲ್ಲಿಸೋ ಅಧಿಕಾರ ನನಗಿಲ್ಲ,” ಎಂದರು ಮೆಲ್ಲಗೆ. “ಕಂಪನೀನ ಕೇಳಬೇಕು.”

“ನಾವು ಕೇಳಾಕ ಬಂದಿಲ್ಲ ಸರ್,” ಎಂದಳು ನೀಲಗಂಗಾ. “ಹೇಳಾಕ ಬಂದೀವಿ.” ಜನರ ಕಡೆ ತಿರುಗಿದಳು. “ನಿಮ್ಮ ನಿಮ್ಮ ಫೋನಿನಾಗ ಸೌಹಾರ್ದದ ಮೂಲಪತ್ರ ಎಲ್ಲೈತಿ ಅಂತ ತೋರಸ್ತೀನಿ. ಇಟ್ಟುಕೋಬೇಕನ್ನವ್ರು ಇಟ್ಟುಕೋರಿ. ತೆಗೀಬೇಕನ್ನವ್ರು ತೆಗೀರಿ. ತೆಗದ್ರ ಪರದಿ ಎಲ್ಲಾ ಕೆಂಪಾಗ್ತಾವ, ಹೆದರಬ್ಯಾಡ್ರಿ. ನಡುವ ಯಾರೋ ಕುಂತಾರ ಅಂತ ಅದು ಹೇಳೂದು. ಅವರು ಏಳೂತನಕ ಕೆಂಪಗ ಇರ್ಲಿ.”

ಮೊದಲು ತೆಗೆದವನು ಇಮಾಮಸಾಬ. ಅವನ ಹಿಂದೆ ಗುಡ್ಡದ ತಂಡ. ಆಮೇಲೆ ಸುಧೀಂದ್ರ, ನರ್ಸು, ಅಂಗಿ ಹಿಡಿದಿದ್ದ ಅಣ್ಣತಮ್ಮಂದಿರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೆಂಪು ಚೌಕ ಹೊತ್ತಿಕೊಂಡಿತು. ಕೆಲವರು ತೆಗೆಯಲಿಲ್ಲ, ಫೋನನ್ನು ಎದೆಗೊತ್ತಿಕೊಂಡು ಹೊರಟುಹೋದರು. ಅವರನ್ನು ಯಾರೂ ತಡೆಯಲಿಲ್ಲ.

ಕಂಪನಿ ಮರುದಿನ ಊರಿನ ಸಂಪರ್ಕವನ್ನೇ ಕತ್ತರಿಸಿತು. ಮೂಲಪತ್ರ ಮತ್ತೆ ಹಾಕಿಕೊಂಡವರಿಗೆ ಮಾತ್ರ ಕೊಡುತ್ತೇವೆ ಎಂದಿತು. ಪವನನಗರದವರು ನಡೆಯಲು ಶುರುಮಾಡಿದರು. ಹೇಳಬೇಕಾದದ್ದನ್ನು ಹೇಳಲು ಒಬ್ಬರ ಮನೆಗೆ ಒಬ್ಬರು ಹೋದರು. ಬಾಗಿಲಲ್ಲಿ ನಿಂತು ಬೈದರು, ಒಳಗೆ ಕೂತು ಚಹಾ ಕುಡಿದರು. ಎಲ್ಲವೂ ಸುಖವಾಗಲಿಲ್ಲ. ಒಂದು ನಿಶ್ಚಿತಾರ್ಥ ಮುರಿಯಿತು. ಒಂದು ಮನೆಯ ಹೆಂಗಸು ಗಂಡನನ್ನು ಬಿಟ್ಟು ತವರಿಗೆ ಹೊರಟಳು. ಅವಳ ದೂರುಗಳು ಎಂಥವೆಂದು ಆಗ ಊರಿಗೆ ಗೊತ್ತಾಯಿತು. ಪೊಲೀಸ್ ಚೌಕಿಯ ಬೀಗ ತೆಗೆದರು.

ಗುಡ್ಡದ ತಂಡ ಮಾತ್ರ ಒಂದೇ ಮಾತು ಹಿಡಿದು ಕೂತಿತು: ನಮ್ಮ ಮಾತು ಇದ್ದಂತೆ ಮುಟ್ಟುವ ತನಕ ಒಂದು ಕಂಬವನ್ನೂ ಹತ್ತುವುದಿಲ್ಲ. ದುರಸ್ತಿ ಕಾಣದ ಗಾಳಿಯಂತ್ರಗಳನ್ನು ನೀಲಗಂಗಾ ನಿಯಮದಂತೆ ಒಂದೊಂದಾಗಿ ನಿಲ್ಲಿಸುತ್ತ ಬಂದಳು. ಮೇಲಿನವರಿಂದ ನಿಲ್ಲಿಸಬೇಡವೆಂದು ನಿಯಂತ್ರಣ ಕೊಠಡಿಯ ಫೋನಿಗೆ ಆಜ್ಞೆ ಬಂತು. “ನಿಮ್ಮ ಆಜ್ಞಾ ಖರೇನೋ ಹದಾ ಮಾಡಿದ್ದೋ ನನಗ ತಿಳಿಯೂದಿಲ್ಲ. ಇಲ್ಲಿಗೆ ಬಂದು ಎದುರಿಗೆ ಹೇಳ್ರಿ,” ಎಂದು ಉತ್ತರಿಸಿದಳು. ಯಾರೂ ಬರಲಿಲ್ಲ. ಗೋಡೆಯ ಮೇಲಿನ ಹಸಿರು ದೀಪಗಳು ಅರ್ಧಕ್ಕಿಂತ ಹೆಚ್ಚು ಆರಿದಾಗ ಕಂಪನಿಗೆ ಎಚ್ಚರವಾಯಿತು, ಪೆಟ್ಟಿಗೆ ನಿಲ್ಲಿಸಲು ಒಪ್ಪಿತು. ಶ್ರೀವತ್ಸ ಮತ್ತು ರೋಹಿಣಿ ಸೇರಿ ಪೆಟ್ಟಿಗೆಯ ವೈರು ಕಿತ್ತರು; ಪರದೆಗಳ ಕೆಂಪು ಹೋಗಿ ಊರಿಗೆ ಸಂಪರ್ಕ ಮರಳಿತು. ಶ್ರೀವತ್ಸ ಆ ವಾರವೇ ರಾಜೀನಾಮೆ ಕೊಟ್ಟು ಹೋದರು. ಹೋಗುವ ಮುಂಚೆ ಆಸ್ಪತ್ರೆಗೆ ಹೋಗಿ ಫಕ್ಕೀರೇಶನ ಹಾಸಿಗೆಯ ಬದಿಯಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಫಕ್ಕೀರೇಶ ಅವರಿಗೆ ಏನೆಂದನೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ.

ಚಳಿಗಾಲ ಬಂದಾಗ ಕಂಪನಿಯಿಂದ ನಿವಾಸಿಗಳ ಸಂಘಕ್ಕೆ ಪತ್ರ ಬಂತು. ಸೌಹಾರ್ದದ ಹೊಸ, ಸುಧಾರಿತ ಆವೃತ್ತಿ ತಯಾರಾಗಿದೆ. ಊರು ಒಪ್ಪಿದರೆ ಮತ್ತೆ ಹಚ್ಚುತ್ತೇವೆ. ಎಲ್ಲರ ಮನೆಗೂ ಹೊಸ ಕಂಪ್ಯೂಟರು ಕೊಡುತ್ತೇವೆ. ಗುರುಶಾಂತಪ್ಪ ಕಾರ್ಯದರ್ಶಿಯಾಗಿ ಉತ್ತರ ಬರೆಯಲು ಕೂತರು. ನೀಲಗಂಗಾ ಪಕ್ಕದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಕೇಳು ಇಲ್ಲೆ,” ಎಂದರು ಅವರು. “‘ಮಾನ್ಯರೇ, ತಮ್ಮ ಪತ್ರ ತಲುಪಿತು. ಸದ್ಯದ ಪರಿಸ್ಥಿತಿಯಲ್ಲಿ ನಮಗೆ ಈ ಸೇವೆಯ ಅಗತ್ಯ ಕಂಡುಬರುತ್ತಿಲ್ಲ. ದಯವಿಟ್ಟು ತಪ್ಪು ತಿಳಿಯಬಾರದು.’ ಹೆಂಗೈತಿ?”

ನೀಲಗಂಗಾ ಅವರ ಮುಖ ನೋಡಿದಳು.

ಗುರುಶಾಂತಪ್ಪ ಪರದೆಯ ಕಡೆ ತಿರುಗಿ ತಮ್ಮ ಸಾಲುಗಳನ್ನು ಮತ್ತೊಮ್ಮೆ ಓದಿಕೊಂಡರು. ಕಡೆಯ ಸಾಲು ಅಳಿಸಿದರು. ‘ಸದ್ಯದ ಪರಿಸ್ಥಿತಿಯಲ್ಲಿ’ ಅಳಿಸಿದರು. ‘ಅಗತ್ಯ ಕಂಡುಬರುತ್ತಿಲ್ಲ’ ಎಂಬುದನ್ನೂ ಅಳಿಸಿ, ಒಂದೊಂದೇ ಅಕ್ಷರ ಜೋರಾಗಿ ಒತ್ತಿ ಬರೆದರು: ‘ನಮಗೆ ಬೇಡ.’

“‘ಮಾನ್ಯರೇ’ ಇರ್ಲೇನು?” ಎಂದು ಕೇಳಿದರು.

“ಇರ್ಲಿ ಬಿಡ್ರಿ,” ಎಂದಳು ನೀಲಗಂಗಾ. “ಕಳಸ್ರಿ.”

ಕಳಿಸಿದರು.